ತೊಂಬತ್ತೇಳೂವರೆ ಡಿಗ್ರಿ

ಆ ಏಳು ಜನರನ್ನು ನನಗೆ ಒಪ್ಪಿಸಿದ್ದು ಆಗಸ್ಟ್ ತಿಂಗಳ ಒಂದು ಸೋಮವಾರ. ಸೋಮವಾರವೇ ಎಂದು ಹೇಗೆ ಗೊತ್ತು? ಗೊತ್ತಿಲ್ಲ. ಕೆಲಸಗಳು ಸೋಮವಾರ ಶುರುವಾಗುತ್ತವೆ ಎಂದು ನೆನಪು ತಾನೇ ತೀರ್ಮಾನಿಸಿಕೊಂಡಿದೆ. ಆಗಿನ ನನ್ನ ನೋಟ್‌ಬುಕ್ಕು ಈಗಲೂ ಇದೆ. ಅದರಲ್ಲಿ ವಾರದ ಹೆಸರಿಲ್ಲ. ಇಲ್ಲಿ ಅಂಕಿಗಳು ಬಂದಲ್ಲೆಲ್ಲ ಆ ನೋಟ್‌ಬುಕ್ಕನ್ನು ನಂಬಿದ್ದೇನೆ; ಮಾತುಗಳು ಬಂದಲ್ಲಿ, ಬೇರೆ ದಾರಿಯಿಲ್ಲದೆ, ನನ್ನನ್ನು.

ಅರವತ್ತರ ದಶಕದ ಆರಂಭದ ವರ್ಷಗಳು. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್. ಅಂದರೆ ಪಾಠ ಮಾಡುವವನಲ್ಲ. ಪ್ರಯೋಗಶಾಲೆಯಲ್ಲಿ ಮೇಜಿನಿಂದ ಮೇಜಿಗೆ ತಿರುಗಿ, ಹುಡುಗರು ಬರೆದುಕೊಂಡ ರೀಡಿಂಗ್ ನೋಡಿ, ಜರ್ನಲ್ಲಿಗೆ ಸಹಿ ಹಾಕುವವನು. ನಾಲ್ಕು ವರ್ಷ ಅದನ್ನೇ ಮಾಡಿದ್ದೆ. ಮಾರ್ಚ್ ಪರೀಕ್ಷೆಯಲ್ಲಿ ಪಿ.ಯು.ಸಿ.ಯ ಫಿಸಿಕ್ಸ್ ಒಂದರಲ್ಲೇ ಬಿದ್ದವರು ಅಕ್ಟೋಬರಿನಲ್ಲಿ ಮತ್ತೆ ಕೂರುವುದಿತ್ತು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದರು.

"ಮೆಕ್ಯಾನಿಕ್ಸ್ ಮತ್ತ ಹೀಟ್. ಎಲ್ಲಾರೂ ಈ ಎರಡರಾಗ ಬಿದ್ದಾರ. ಬೆಳಕು, ಧ್ವನಿ ಹೆಂಗೋ ದಾಟತಾರ. ಮುಂಜಾನೆ ಏಳೂವರಿಯಿಂದ ಒಂಬತ್ತೂವರಿ ತನಕಾ ಹಾಲ್ ಖಾಲಿ ಇರತದ. ತೊಗೋತೀರೇನು?"

"ಯಾವ ರೀತಿ ಮಾಡಬೇಕ್ರಿ ಸರ್?"

"ಯಾವ ರೀತಿನಾದ್ರೂ ಮಾಡ್ರಿ. ಹೊಸಾದ ಏನರೆ ಮಾಡಬೇಕು ಅಂತ ನಿಮಗ ಯಾವಾಗ್ಲೂ ತುರಿಕೀ ಇರತದಲ್ಲ."

ಅವರು ಹೊಗಳಿದರು ಎಂದುಕೊಂಡೆ.

ಏಳು ಜನರಲ್ಲಿ ಇಬ್ಬರ ಬಗ್ಗೆ ಹೇಳಿದರೆ ಸಾಕು. ಒಬ್ಬ ಉಪ್ಪಿನಬೆಟಗೇರಿಯ ರೈತರ ಮಗ. ಎರಡು ಸಲ ಬಿದ್ದಿದ್ದ. ಬೀಳುವುದರಲ್ಲಿ ಅವನಿಗೆ ಅಂಜಿಕೆ ಉಳಿದಿರಲಿಲ್ಲ. ಇನ್ನೊಬ್ಬರು ಹುಬ್ಬಳ್ಳಿಯ ಆಸ್ಪತ್ರೆಯೊಂದರ ನರ್ಸ್. ಊರು ಅಮ್ಮಿನಬಾವಿ, ಇರುವುದು ಕೇಶ್ವಾಪುರದ ಬಾಡಿಗೆ ಖೋಲಿಯಲ್ಲಿ. ನನಗಿಂತ ಒಂದೆರಡು ವರ್ಷ ದೊಡ್ಡಾಕೆ. ರಾತ್ರಿ ಪಾಳಿ ಮುಗಿಸಿ, ಮೊದಲ ಬಸ್ಸಿಗೆ ಧಾರವಾಡಕ್ಕೆ ಬರುತ್ತಿದ್ದರು. ನರ್ಸಿಂಗ್ ಡಿಗ್ರಿ ಓದಲು ಆಸ್ಪತ್ರೆಯವರು ಆಕೆಯ ಹೆಸರು ಕಳಿಸುವುದಾಗಿ ಹೇಳಿದ್ದರು. ಅದಕ್ಕೆ ಪಿ.ಯು.ಸಿ. ವಿಜ್ಞಾನ ಪಾಸಾಗಿರಬೇಕು, ವಯಸ್ಸು ಮೀರಿರಬಾರದು. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಹೀಗಾಗಿ ಉಳಿದ ಆರು ಜನಕ್ಕೆ ಅಕ್ಟೋಬರ್ ಆದಮೇಲೆ ಮಾರ್ಚ್ ಇತ್ತು, ಮಾರ್ಚ್ ಆದಮೇಲೆ ಮತ್ತೊಂದು ಅಕ್ಟೋಬರ್. ಆಕೆಗೆ ಈ ಅಕ್ಟೋಬರ್ ಮಾತ್ರ.

ಮೊದಲ ದಿನ ಹಳೆಯ ಪ್ರಶ್ನೆಪತ್ರಿಕೆಯ ಒಂದು ಲೆಕ್ಕ ಕೊಟ್ಟೆ. ಎಳೆಯುವ ಬಲ, ಗಾಡಿಯ ತೂಕ, ನೆಲದ ಘರ್ಷಣೆ. ಉಪ್ಪಿನಬೆಟಗೇರಿಯವನು ಕೈ ಎತ್ತಿದ.

"ಸರ್, ಪುಸ್ತಕದಾಗ ಗಾಡಿ ಎರಡು ಟನ್ ಐತ್ರಿ. ನೀವು ಮೂರು ಕೊಟ್ಟೀರಿ."

"ಹೌದು. ಅದಕ್ಕ?"

"ಎರಡರದು ನನಗ ಬರತೈತ್ರಿ."

ಎಲ್ಲರೂ ನಕ್ಕರು. ಆದರೆ ಏಳೂ ಜನರ ಸ್ಥಿತಿ ಅದೇ ಇತ್ತು. ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿ ಓದಿ, ಒಂದೇ ಜೂನ್ ತಿಂಗಳಲ್ಲಿ ಇಂಗ್ಲಿಷಿಗೆ ಬಿದ್ದವರು. ನಿಯಮಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದರು. ಲೆಕ್ಕಗಳನ್ನು ಉತ್ತರದ ಸಮೇತ ನುಂಗಿದ್ದರು. ಪೌಂಡ್ ಯಾವುದು, ಪೌಂಡಲ್ ಯಾವುದು, ಮೂವತ್ತೆರಡರಿಂದ ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂಬುದು ಅವರಿಗೆ ಅದೃಷ್ಟದ ವಿಷಯವಾಗಿತ್ತು.

ನಾನು ನನ್ನ ಹೊಸದನ್ನು ಶುರು ಮಾಡಿದೆ. ಎರಡು ವಾರ ಯಾರೂ ಸೂತ್ರ ಬರೆಯುವಂತಿಲ್ಲ. ಗೈಡ್ ತರುವಂತಿಲ್ಲ. ಹಲಗೆ, ದಾರ, ರಾಟೆ, ತೂಕದ ಬಟ್ಟು ಇವಿಷ್ಟೇ. ವಸ್ತುವಿನ ಚಿತ್ರ ಬರೆದು, ಅದನ್ನು ಯಾರ್‍ಯಾರು ಎಳೆಯುತ್ತಾರೆ, ತಳ್ಳುತ್ತಾರೆ ಎಂದು ಬಾಣ ಹಾಕಬೇಕು. ಬಾಣದ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು. ಇಳಿಜಾರು ಹಲಗೆಯ ಮೇಲೆ ಮರದ ತುಂಡಿಟ್ಟು, ಹಲಗೆಯನ್ನು ನಿಧಾನ ಎತ್ತುತ್ತ ಹೋಗಿ, ತುಂಡು ಜಾರುವ ಕೋನ ಅಳೆದೆವು. ಒಂದೇ ತುಂಡು ಒಂದೊಂದು ದಿನ ಒಂದೊಂದು ಕೋನಕ್ಕೆ ಜಾರಿತು. ಮಳೆಗಾಲ, ಹಲಗೆ ಹಸಿ ಹಿಡಿದಿತ್ತು. ಅದನ್ನೂ ಬರೆಯಿರಿ ಎಂದೆ.

ಲಿಫ್ಟಿನ ಲೆಕ್ಕ ಬಂತು. ಲಿಫ್ಟ್ ಮೇಲೆ ಹೋಗುವಾಗ ಒಳಗಿನ ಮನುಷ್ಯನ ತೂಕ ಎಷ್ಟು ತೋರುತ್ತದೆ ಎಂಬ ಲೆಕ್ಕ. ಏಳು ಜನರಲ್ಲಿ ಒಬ್ಬರೂ ಲಿಫ್ಟ್ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ಬಾವ್ಯಾಗಿನ ಕೊಡಾ ಅಂತ ತಿಳ್ಕೋಲ್ರೀ ಸರ್?" ಎಂದ ಉಪ್ಪಿನಬೆಟಗೇರಿಯವನು. "ಜೋರಾಗಿ ಜಗ್ಗಿದ್ರ ಹಗ್ಗ ಹರೀತೈತಲ್ರಿ."

ಇದಕ್ಕಿಂತ ಒಳ್ಳೆಯ ಲಿಫ್ಟ್ ಸಿಗುವುದಿಲ್ಲ ಎಂದು ಎಲ್ಲರನ್ನೂ ಹಿತ್ತಲ ಬಾವಿಗೆ ಕರೆದುಕೊಂಡು ಹೋದೆ. ಹಗ್ಗ ಮತ್ತು ಬಕೆಟ್ ನಡುವೆ ಸ್ಪ್ರಿಂಗ್ ತಕ್ಕಡಿ ಕಟ್ಟಿದೆವು. ನಿಧಾನ ಎಳೆದಾಗ ಮುಳ್ಳು ಒಂದು ಕಡೆ ನಿಂತಿತು. ಜಗ್ಗಿದಾಗ ಕೆಳಗೆ ಓಡಿತು. ಎಲ್ಲರ ಕಣ್ಣಿಗೂ ಅದು ಬಿತ್ತು. ಇನ್ನೊಮ್ಮೆ ಜೋರಾಗಿ ಜಗ್ಗು ಎಂದೆ. ಕೊಕ್ಕೆ ಬಿಟ್ಟುಕೊಂಡಿತು. ಬಕೆಟ್ಟು, ತಕ್ಕಡಿ ಎರಡೂ ಬಾವಿಗೆ.

ಪ್ರಯೋಗಶಾಲೆಯ ಸಿಪಾಯಿ ಓಡಿ ಬಂದ. ಇಪ್ಪತ್ತೈದು ವರ್ಷದಿಂದ ಆ ಸಾಮಾನುಗಳನ್ನು ಒರೆಸಿ ಇಟ್ಟವನು.

"ಸಾಹೇಬ್ರ, ಕಲಿಸೋದು ಫಿಸಿಕ್ಸೋ ಈಜೋ? ದೊಡ್ಡ ಸಾಹೇಬ್ರ ಮುಂದ ಏನಂತ ಹೇಳ್ಲಿ?"

ಹೇಳಬೇಕಾದದ್ದನ್ನು ಬೇರೆಯವರು ಹೇಳಿದರು. ಇಬ್ಬರು ಹುಡುಗರು ಮುಖ್ಯಸ್ಥರ ಬಳಿ ಹೋಗಿ, ಪರೀಕ್ಷೆ ಹತ್ತಿರ ಬಂತು, ಸರ್ ಆಟ ಆಡಿಸುತ್ತಿದ್ದಾರೆ ಎಂದು ದೂರು ಕೊಟ್ಟರು. ಆಮೇಲೆ ಅವರು ಕ್ಲಾಸಿಗೆ ಬರುವುದನ್ನೇ ಬಿಟ್ಟರು. ಐದು ಜನ ಉಳಿದರು.

ಮೂರನೆಯ ವಾರದ ಕೊನೆಗೆ ಮೆಕ್ಯಾನಿಕ್ಸಿನ ಮೇಲೆ ಐವತ್ತು ಅಂಕಗಳ ಒಂದು ಪರೀಕ್ಷೆ ಇಟ್ಟೆ. ನರ್ಸ್‌ಗೆ ಹನ್ನೊಂದು ಬಂತು. ಬಾಣಗಳು ಎಲ್ಲ ಸರಿಯಾಗಿದ್ದವು. ಬಾಣದ ನಂತರ ಕಾಗದ ಖಾಲಿ. ಪೇಪರ್ ಕೈಯಲ್ಲಿ ಹಿಡಿದುಕೊಂಡು ಆಕೆ ನನ್ನ ಮೇಜಿನ ಮುಂದೆ ನಿಂತರು.

"ಸರ್, ಒಂದು ಮಾತ ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಹೇಳ್ರಿ."

"ನನಗ ತಿಳಿವಳಿಕಿ ಬ್ಯಾಡ್ರಿ. ಪಾಸ್ ಬೇಕು. ತಿಳಿವಳಿಕಿ ಆಮ್ಯಾಲ ಪುರಸತ್ತಾದಾಗ ತೊಗೋತೀನಿ."

ನನಗೆ ಸಿಟ್ಟು ಬಂತು. ಎರಡು ದಿನ ಇತ್ತು. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಎರಡು ತಾಸುಗಳನ್ನು ಭಾಗ ಮಾಡಿದೆ. ಮೊದಲ ತಾಸು ನನ್ನದು: ಸಾಮಾನು, ಬಾಣ, ಕನ್ನಡ. ಎರಡನೆಯ ತಾಸು ಪರೀಕ್ಷೆಯದು: ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ, ಒಂದು ಲೆಕ್ಕಕ್ಕೆ ಹನ್ನೆರಡು ನಿಮಿಷ, ಉತ್ತರ ಇಂಗ್ಲಿಷಿನಲ್ಲಿ, ಪ್ರತಿ ಅಂಕಿಯ ಮುಂದೆ ಅದರ ಮಾನ, ಪೌಂಡೋ ಪೌಂಡಲೋ ಎಂದು. ಮಾನ ಬರೆಯದಿದ್ದರೆ ಸೊನ್ನೆ. ಇದರಲ್ಲಿ ಹೊಸದೇನೂ ಇರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಅದೇ ತರಹದ ಪರೀಕ್ಷೆಯಲ್ಲಿ ಆಕೆಗೆ ಇಪ್ಪತ್ತಾರು ಬಂತು.

"ಅಕ್ಕಾರ, ಆಸ್ಪತ್ರ್ಯಾಗ ಪೇಷಂಟಿಗೂ ಬಾಣಾ ಹಾಕಾಕ ಶುರು ಮಾಡೀರೇನು?" ಎಂದ ಉಪ್ಪಿನಬೆಟಗೇರಿಯವನು.

"ಹಾಕೀನಿ. ನೀ ಬಾ ಒಂದ್ಸಲ, ಸೂಜಿ ಯಾವ ದಿಕ್ಕಿನಾಗ ಹೋಗತೈತಿ ತೋರಸ್ತೀನಿ" ಎಂದರು ಆಕೆ.

*

ನಂತರ ಶಾಖ.

ಇಲ್ಲಿ ನಮ್ಮ ಪ್ರಯೋಗಶಾಲೆಯ ಒಂದು ಪದ್ಧತಿ ಹೇಳಬೇಕು. ತಾಮ್ರದ ವಿಶಿಷ್ಟ ಶಾಖ ಕಂಡುಹಿಡಿಯುವ ಪ್ರಯೋಗದಲ್ಲಿ ತಾಮ್ರದ ತುಂಡನ್ನು ಉಗಿಯಲ್ಲಿ ಕಾಯಿಸಿ, ಕ್ಯಾಲೊರಿಮೀಟರ್ ಎಂಬ ಡಬ್ಬಿಯ ತಣ್ಣೀರಿಗೆ ಬಿಟ್ಟು, ನೀರು ಎಷ್ಟು ಬಿಸಿಯಾಯಿತು ಎಂದು ನೋಡಬೇಕು. ಉಗಿಯ ಉಷ್ಣತೆ ನೂರು ಡಿಗ್ರಿ ಇರಬೇಕೆಂದು ಪುಸ್ತಕ ಹೇಳುತ್ತದೆ. ನಮ್ಮ ಥರ್ಮಾಮೀಟರುಗಳು ತೊಂಬತ್ತೇಳೂವರೆ ತೋರಿಸುತ್ತಿದ್ದವು. ಒಂದಲ್ಲ, ಎಲ್ಲವೂ. ಅವುಗಳ ಪೆಟ್ಟಿಗೆಯ ಮುಚ್ಚಳದ ಒಳಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಅಂಟಿಸಿತ್ತು: ಉಗಿಯ ರೀಡಿಂಗಿಗೆ ಎರಡೂವರೆ ಡಿಗ್ರಿ ಕೂಡಿಸಿ. ಯಾರು ಬರೆದದ್ದೋ, ಶಾಯಿ ಕಂದಾಗಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗಲೂ ಕೂಡಿಸಿದ್ದೆ. ಡೆಮಾನ್‌ಸ್ಟ್ರೇಟರ್ ಆದಮೇಲೆ ಕೂಡಿಸದ ಹುಡುಗರಿಂದ ಕೂಡಿಸಿ ಬರೆಸಿದ್ದೆ.

ಕೂಡಿಸಿದರೆ ಲೆಕ್ಕ ಕೈಕೊಡುತ್ತಿತ್ತು. ಪುಸ್ತಕದಲ್ಲಿರುವುದು 0.094ರ ಸುಮಾರು, ನಮಗೆ ಬರುತ್ತಿದ್ದದ್ದು 0.090. ಆಗ ಹುಡುಗರು ಕೊನೆಯ ಉಷ್ಣತೆಯನ್ನು ಕಾಲು ಡಿಗ್ರಿ ಮೇಲೆ ಸರಿಸಿ ಉತ್ತರ ಹೊಂದಿಸಿಕೊಳ್ಳುತ್ತಿದ್ದರು. ಹಿರಿಯರ ಜರ್ನಲ್ಲುಗಳು ಕಿರಿಯರಿಗೆ ಬರುತ್ತಿದ್ದವು. ಯಾವುದನ್ನು ಎಷ್ಟು ಸರಿಸಬೇಕು ಎಂಬುದು ಅದರಲ್ಲೇ ಇರುತ್ತಿತ್ತು. ನನಗೆ ಗೊತ್ತಿತ್ತು. ಸಹಿ ಹಾಕುತ್ತಿದ್ದೆ.

ಆ ಬೆಳಿಗ್ಗೆ ನರ್ಸ್ ಉಗಿಯ ರೀಡಿಂಗ್ ತೆಗೆದುಕೊಂಡು 97.5 ಎಂದು ಬರೆದರು. ಸಿಪಾಯಿ ಪಕ್ಕದಲ್ಲಿ ಸ್ಟೋವ್ ನೋಡಿಕೊಳ್ಳುತ್ತಿದ್ದ.

"ನರ್ಸಬಾಯರ, ಎರಡೂವರಿ ಕೂಡಸ್ರಿ. ಚೀಟಿ ಐತಿ ನೋಡ್ರಿ ಅಲ್ಲಿ."

"ಯಾಕ್ರಿ ಕಾಕಾ?"

"ಥರ್ಮಾಮೀಟರಿನ ದೋಷ ರೀ ಅದು."

"ನಿನ್ನೆ ಬರ್ಫದಾಗ ಇಟ್ಟಾಗ ಸೊನ್ನಿಕ್ಕ ನಿಂತಿತ್ತಲ್ರಿ. ಅಲ್ಲಿ ಖರೇ ಹೇಳಿ, ಇಲ್ಲಿ ಸುಳ್ಳು ಹೇಳತೈತೇನು? ಜ್ವರಾ ನೋಡೋ ಥರ್ಮಾಮೀಟರ್ ಹಿಂಗ ಮಾಡಿದ್ರ ನಾವು ಒಗದ ಬಿಡ್ತೀವಿ."

"ಎಲ್ಲಾವೂ ಹಂಗ ಅದಾವ್ರಿ. ಹದಿನೆಂಟೂ."

"ಹದಿನೆಂಟೂ ಒಂದ ಸುಳ್ಳು ಹೇಳ್ತಾವಾ?"

ಈ ಘಟನೆಯನ್ನು ನಾನು ಬಹಳ ವರ್ಷ ಬೇರೆ ತರಹ ಹೇಳಿಕೊಂಡು ಬಂದಿದ್ದೆ: ನನಗೆ ಮೊದಲೇ ಸಂಶಯವಿತ್ತು, ಆಕೆಯ ಮಾತು ಅದನ್ನು ಗಟ್ಟಿ ಮಾಡಿತು ಎಂದು. ನೋಟ್‌ಬುಕ್ಕಿನಲ್ಲಿ ಅಂಥ ಸಂಶಯದ ಒಂದು ಅಕ್ಷರವೂ ಇಲ್ಲ. ಆ ದಿನಕ್ಕಿಂತ ಹಿಂದಿನ ಪುಟದಲ್ಲಿ ನನ್ನ ಕೈಯಲ್ಲೇ ಬರೆದದ್ದಿದೆ: ನಾಳೆ ಎಲ್ಲರಿಗೂ ಎರಡೂವರೆ ಕೂಡಿಸಲು ನೆನಪಿಸಬೇಕು.

ನಾನು ಆಕೆಗೆ, ಪದ್ಧತಿ ಹಾಗಿದೆ, ಕೂಡಿಸಿ ಬರೆಯಿರಿ ಎಂದೆ. ಆಕೆ ಪೆನ್ಸಿಲ್ ಕೆಳಗಿಟ್ಟರು.

"ನಮ್ಮ ದೊಡ್ಡ ಸಿಸ್ಟರು ಸೂಜಿ ಸಿರಿಂಜು ಕುದಿಸೋ ಮುಂದ ಪುಸ್ತಕದಾಗ ಹೇಳಿದ್ದಕಿಂತ ಹೆಚ್ಚಿಗಿ ಕುದಸಾಕ ಹೇಳ್ತಾರ್ರಿ. ಇದು ಎತ್ತರದ ಊರು, ನೀರು ಲಗೂನ ಕುದ್ದ ಬಿಡತೈತಿ, ಅಷ್ಟು ಸುಡೂದುಲ್ಲ ಅಂತಾರ. ನಾ ಅವ್ರು ಸುಮ್ನ ಕೆಲಸಾ ಹೆಚ್ಚಿಗಿ ಹಚ್ಚತಾರ ಅಂದ್ಕೊಂಡಿದ್ದೆ. ಅದೂ ಇದೂ ಒಂದ ಏನ್ರಿ?"

ಪಠ್ಯದಲ್ಲಿ ಒತ್ತಡ ಕಡಿಮೆಯಾದರೆ ಕುದಿಯುವ ಬಿಂದು ಇಳಿಯುತ್ತದೆ ಎಂಬ ಇಡೀ ಪ್ಯಾರಾ ಇತ್ತು. ಮಾರ್ಚಿನಲ್ಲಿ ಆ ಪ್ರಶ್ನೆ ಬಂದಿತ್ತು. ಅದಕ್ಕೆ ಉತ್ತರ ಬರೆಸುವಾಗ ನಾವು ಹಿಮಾಲಯದ ಉದಾಹರಣೆ ಕೊಡುತ್ತಿದ್ದೆವು. ನಾವು ನಿಂತ ನೆಲ ಸಮುದ್ರಕ್ಕಿಂತ ಎರಡು ಸಾವಿರ ಅಡಿಗೂ ಮಿಕ್ಕಿ ಮೇಲಿದೆ ಎಂಬುದು ಭೂಗೋಳದ ವಿಷಯವಾಗಿತ್ತು, ಫಿಸಿಕ್ಸಿನದಲ್ಲ.

ಮುಖ್ಯಸ್ಥರ ಕೋಣೆಯ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಗಾಳಿಯ ಒತ್ತಡ ಅಳೆಯುವ ಒಂದು ಬ್ಯಾರೊಮೀಟರ್ ತೂಗು ಹಾಕಿತ್ತು. ಸಿಪಾಯಿ ವಾರಕ್ಕೊಮ್ಮೆ ಗಾಜು ಒರೆಸುತ್ತಿದ್ದ, ಯಾರೂ ಓದುತ್ತಿರಲಿಲ್ಲ. ಒತ್ತಡ ಬೇಕಾದಲ್ಲಿ ಎಪ್ಪತ್ತಾರು ಸೆಂಟಿಮೀಟರ್ ಎಂದು ಬರೆಯುವುದು ರೂಢಿ. ಪೆಟ್ಟಿಗೆ ತೆಗೆಸಿದೆ. ಕೆಳಗಿನ ತಿರುಪು ತಿರುಗಿಸಿ ಪಾದರಸದ ಮೇಲ್ಮೈಯನ್ನು ದಂತದ ಮೊನೆಗೆ ತಾಗಿಸಿ, ಮೇಲಿನ ಸರಿಯುವ ಅಳತೆಪಟ್ಟಿ, ವರ್ನಿಯರ್, ಓದಿದೆ. 69.4. ಐದು ಜನರಿಂದಲೂ ಓದಿಸಿದೆ. 69.4, 69.4, 69.5, 69.4, 69.4. ಪುಸ್ತಕದ ಕೊನೆಯಲ್ಲಿದ್ದ ಕೋಷ್ಟಕದಲ್ಲಿ ಆ ಒತ್ತಡದ ಎದುರು ಕುದಿಯುವ ಬಿಂದು ನೋಡಿದೆ. ತೊಂಬತ್ತೇಳೂವರೆ.

ಆಕೆಯ ರೀಡಿಂಗುಗಳನ್ನು ಏನೂ ಕೂಡಿಸದೆ ಲೆಕ್ಕ ಹಾಕಿದೆವು. 0.094.

ಯಾರೂ ಕುಣಿದಾಡಲಿಲ್ಲ. ಉಪ್ಪಿನಬೆಟಗೇರಿಯವನು ಕೇಳಿದ: "ಹಂಗಾದ್ರ ಸರ್, ಇಷ್ಟು ವರ್ಷ ಎಲ್ಲಾರೂ ಎರಡು ಸುಳ್ಳು ಬರದ ಪಾಸಾದ್ರೇನು? ನಾ ಒಂದ ಬರದಿದ್ದೆ, ಅದಕ್ಕ ನಪಾಸ."

ಸಿಪಾಯಿ ಥರ್ಮಾಮೀಟರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. "ಪಾಪ ಇವುನ್ನ ಇಷ್ಟು ವರ್ಷ ಬೈದ್ವಿ" ಎಂದ.

*

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಶಾಖದ ಪ್ರಯೋಗಗಳನ್ನೆಲ್ಲ ಮೊದಲಿನಿಂದ ಮಾಡಿಸಿ, ಹೊಸ ಜರ್ನಲ್ ಬರೆಸಬೇಕು ಎಂದು ನಿಶ್ಚಯಿಸಿದೆ. ಪ್ರತಿ ಪ್ರಯೋಗದ ಮೊದಲ ಸಾಲು ಬ್ಯಾರೊಮೀಟರಿನ ರೀಡಿಂಗ್. ಬಂದ ಉತ್ತರವೇ ಉತ್ತರ. ಪುಸ್ತಕಕ್ಕಿಂತ ಬೇರೆಯಾದರೆ ಯಾಕಿರಬಹುದು ಎಂದು ಕೆಳಗೆ ಬರೆಯಬೇಕು. ಮುಖ್ಯಸ್ಥರ ಒಪ್ಪಿಗೆ ಕೇಳಲು ಹೋದೆ. ನಾನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು.

"ಹೊರಗಿನಿಂದ ಪರೀಕ್ಷಕರು ಬರತಾರ. ಈ ಸಲ ಕರಾವಳಿ ಕಡಿಯವರು. ಅವರ ಊರಾಗ ನೀರು ನೂರಕ್ಕ ಕುದೀತದ. ನಿಮ್ಮ ಹುಡುಗರ ಜರ್ನಲ್ ನೋಡಿ ಅವರು ಏನಂತ ತಿಳೀಬೇಕು?"

"ಬ್ಯಾರೊಮೀಟರ್ ನೋಡಬೇಕ್ರಿ ಸರ್."

"ನೋಡದಿದ್ರ?"

ಚೀಟಿಯ ವಿಷಯ ಎತ್ತಿದೆ. ಯಾರೋ ತಿಳಿಯದವರು ಅಂಟಿಸಿದ್ದು, ಎಲ್ಲರೂ ಕಣ್ಣುಮುಚ್ಚಿ ನಡೆಸಿಕೊಂಡು ಬಂದಿದ್ದಾರೆ ಎಂದೆ.

"ಆ ಚೀಟಿ ನಂದು" ಎಂದರು.

ಅವರು ಎದ್ದು ಹೊರಗೆ ಹೋಗಿ, ಬ್ಯಾರೊಮೀಟರಿನ ಮುಂದೆ ನಿಂತು, ತಿರುಪು ಸರಿಮಾಡಿ ಓದಿದರು. ಒಳಗೆ ಬಂದು ಕುಳಿತರು.

"ಆವಾಗ ನಾನೂ ನಿಮ್ಮ ಖುರ್ಚಿಮ್ಯಾಲೆ ಇದ್ದೆ. ಪರೀಕ್ಷೆ ಹತ್ತರ ಬಂದಿತ್ತು. ಹುಡುಗರು ಗಾಬರಿ ಆಗಿದ್ರು. ಆ ಪರೀಕ್ಷೆ ಮುಗಿದಮ್ಯಾಲೆ ನೋಡಿದ್ರಾತು ಅಂದೆ." ಆಮೇಲೆ, "ಬರಸ್ರಿ. ಆದ್ರ ಹೊರಗಿನವರು ಕೇಳಿದಾಗ ಉತ್ತರ ಹೇಳಬೇಕಾದವರು ಆ ಹುಡುಗರು, ನೀವಲ್ಲ. ಅದನ್ನ ನೆನಪಿಟ್ಟು ತಯಾರ ಮಾಡ್ರಿ" ಎಂದರು.

ಮೂರು ವಾರ ಬೆವರು ಇಳಿಯಿತು. ಉಗಿ ನೀರಾಗುವಾಗ ಬಿಟ್ಟುಕೊಡುವ ಶಾಖವನ್ನು ಅಳೆಯುವ, ಉಗಿಯ ಗುಪ್ತ ಶಾಖದ ಪ್ರಯೋಗ ಎಲ್ಲಕ್ಕಿಂತ ಮೊಂಡು. ಉಗಿ ಕೊಳವೆಯಲ್ಲಿ ಬರುವಾಗಲೇ ಸ್ವಲ್ಪ ನೀರಾಗುತ್ತದೆ. ಆ ನೀರೂ ಡಬ್ಬಿಗೆ ಬಿದ್ದರೆ ಉತ್ತರ ಕುಸಿಯುತ್ತದೆ. ನಡುವೆ ನೀರು ಹಿಡಿಯುವ ಬಾಟಲಿ ಇಟ್ಟರೂ ಧಾರವಾಡದ ಸೆಪ್ಟೆಂಬರ್ ಗಾಳಿಯಲ್ಲಿ ಕೊಳವೆ ತಣ್ಣಗಾಗುತ್ತಿತ್ತು. ಪುಸ್ತಕದಲ್ಲಿ ಐನೂರ ನಲವತ್ತು. ನಮಗೆ ನಾನೂರ ಎಂಬತ್ತು, ನಾನೂರ ತೊಂಬತ್ತು. ನರ್ಸ್ ಮನೆಯಿಂದ ಹತ್ತಿ ತಂದು, ಬ್ಯಾಂಡೇಜ್ ಪಟ್ಟಿಯಿಂದ ಕೊಳವೆಗೆ ಸುತ್ತಿದರು. ಸುತ್ತು ಒಂದರ ಮೇಲೊಂದು ಅರ್ಧ ಏರಿ, ಎಲ್ಲೂ ಸಡಿಲ ಇರಲಿಲ್ಲ. ಐನೂರ ಎಂಟು ಬಂತು. ಅದಕ್ಕಿಂತ ಮೇಲೆ ನಾವು ಒಮ್ಮೆಯೂ ಹೋಗಲಿಲ್ಲ.

ಎರಡನೆಯ ತಾಸಿನಲ್ಲಿ ನಾನು ಪರೀಕ್ಷಕನಾಗಿ ಕೂರುತ್ತಿದ್ದೆ. ಉಗಿ ಯಾಕೆ ನೂರಿಲ್ಲ? ಉತ್ತರ ಯಾಕೆ ಕಡಿಮೆ? ನೀನು ತಪ್ಪು ಮಾಡಿದ್ದೀ ಎಂದರೆ ಏನು ಹೇಳುತ್ತೀ? ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ, ಗದರಿಸಿ ಕೇಳುತ್ತಿದ್ದೆ. ಉಪ್ಪಿನಬೆಟಗೇರಿಯವನು ಪ್ರತಿಸಲ, "ಸರ್, ಅವರು ಇಷ್ಟು ಕೆಟ್ಟವರು ಇರೂದುಲ್ಲ ಬಿಡ್ರಿ" ಎನ್ನುತ್ತಿದ್ದ.

*

ಲಿಖಿತ ಪರೀಕ್ಷೆ ಮೊದಲು ಬಂತು. ಹಾಲಿನ ಹೊರಗೆ ಕಾದು ನಿಂತಿದ್ದೆ. ನರ್ಸ್ ಕೊನೆಗೆ ಬಂದರು.

"ಮೆಕ್ಯಾನಿಕ್ಸ್ ಛಲೋ ಆತ್ರಿ. ಲಿಫ್ಟ್ ಬಂದಿತ್ತು, ಬಾವಿ ನೆನಸ್ಕೊಂಡ ಮಾಡಿದೆ."

"ಹೀಟ್?"

"ಉಗೀದು ಲೆಕ್ಕಾ ಬಂದಿತ್ರಿ. ನೂರು ಡಿಗ್ರಿ ಉಗಿ ಅಂತ ಕೊಟ್ಟಿದ್ರು. ಊರು ಯಾವುದಂತ ಕೊಟ್ಟಿರಲಿಲ್ಲ."

"ನೀವು ಎಷ್ಟು ಹಿಡದ್ರಿ?"

"ತೊಂಬತ್ತೇಳೂವರಿ. ಬ್ಯಾರೊಮೀಟರ್ 69.4 ಅಂತ ಮ್ಯಾಲ ಬರದೀನಿ." ನನ್ನ ಮುಖ ನೋಡಿ, "ತಪ್ಪಾತೇನ್ರಿ?"

ಎಲ್ಲೂ ನಡೆಯದ ತಪ್ಪು. ಬೇರೆ ಯಾವ ಊರಿನ ವಿದ್ಯಾರ್ಥಿಯೂ ಇದನ್ನು ಮಾಡುವಂತಿರಲಿಲ್ಲ; ನನ್ನ ವಿದ್ಯಾರ್ಥಿ ಮಾಡಿದರು. ಪ್ರಶ್ನೆಯಲ್ಲಿ ಕೊಟ್ಟದ್ದು ಕೊಟ್ಟದ್ದೇ, ಅದನ್ನು ಬದಲಿಸಬಾರದು ಎಂಬ ಸರಳ ಮಾತನ್ನು ಮೂರು ವಾರದಲ್ಲಿ ಒಮ್ಮೆಯೂ ನಾನು ಹೇಳಿರಲಿಲ್ಲ. ಹನ್ನೆರಡು ಅಂಕದ ಲೆಕ್ಕ. ಉಳಿದ ಉತ್ತರಗಳನ್ನು ಕೇಳಿ, ನೋಟ್‌ಬುಕ್ಕಿನಲ್ಲಿ ಕಠಿಣವಾಗಿ ಅಂಕ ಹಾಕಿದೆ. ಆಕೆ ಅಂಚಿನ ಮೇಲಿದ್ದರು. ಪ್ರಾಯೋಗಿಕದಲ್ಲಿ ಒಳ್ಳೆಯ ಅಂಕ ಬಂದರೆ ಪಾಸು, ಬರದಿದ್ದರೆ ಇಲ್ಲ.

ಪ್ರಾಯೋಗಿಕ ಪರೀಕ್ಷೆ ಐದು ದಿನಗಳ ನಂತರ. ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ಈ ಕಥೆಯನ್ನು ಸ್ನೇಹಿತರ ಮುಂದೆ, ವಿದ್ಯಾರ್ಥಿಗಳ ಮುಂದೆ ಎಷ್ಟೋ ಸಲ ಹೇಳುವಾಗ ಈ ಭಾಗ ಬಿಟ್ಟು ದಾಟಿದ್ದೇನೆ; ದಾಟಿ ದಾಟಿ ಅದು ನಡೆದೇ ಇಲ್ಲ ಎಂಬಷ್ಟು ನಯವಾಗಿತ್ತು. ಪರೀಕ್ಷೆಯ ಬೆಳಿಗ್ಗೆ ಆಕೆಯನ್ನು ಪ್ರಯೋಗಶಾಲೆಯ ಹಿಂದಿನ ಹುಣಸೆ ಮರದ ಕೆಳಗೆ ಕರೆದೆ.

"ಇವತ್ತ ಉಗೀದು ಬಂದ್ರ ನೂರು ಬರೀರಿ" ಎಂದೆ. "ಉತ್ತರ ಐನೂರ ಮೂವತ್ತರ ಮ್ಯಾಲೆ ಬರೋಹಂಗ ನೋಡ್ಕೋರಿ. ಹೆಂಗ ಸರಿಸಬೇಕು ಅಂತ ಹಳೇ ಜರ್ನಲ್‌ನ್ಯಾಗ ಅದ. ಪಾಸಾಗೋದು ಮುಖ್ಯ. ನೀವ ಹೇಳಿದ್ರಲ್ಲ."

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಮೇಜಿನ ಮೇಲೆ ಮಡಿಚಿದ ಚೀಟಿಗಳಿದ್ದವು. ಒಂದೊಂದರಲ್ಲಿ ಒಂದೊಂದು ಪ್ರಯೋಗ. ಉಪ್ಪಿನಬೆಟಗೇರಿಯವನಿಗೆ ಲೋಲಕ ಬಂತು. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನರ್ಸ್ ತೆಗೆದ ಚೀಟಿಯಲ್ಲಿ ಉಗಿಯ ಗುಪ್ತ ಶಾಖ.

ಡೆಮಾನ್‌ಸ್ಟ್ರೇಟರುಗಳು ಪರೀಕ್ಷೆಯ ಸಮಯದಲ್ಲಿ ಗೋಡೆಯ ಬಳಿ ನಿಲ್ಲಬೇಕು, ಮಾತಾಡಬಾರದು. ನಾನು ಇಪ್ಪತ್ತು ಅಡಿ ದೂರ ನಿಂತಿದ್ದೆ. ಆಕೆ ಮೊದಲು ಹೊರಗೆ ಹೋದರು; ಬ್ಯಾರೊಮೀಟರ್ ಓದಿ ಬಂದರು. ಆಗಲೇ ನನಗೆ ತಿಳಿಯಿತು. ಕೊಳವೆಗೆ ಪಟ್ಟಿ ಸುತ್ತಿದರು, ಅವಸರವಿಲ್ಲದೆ. ಡಬ್ಬಿ ತೂಗಿದರು, ನೀರು ಹಾಕಿ ತೂಗಿದರು, ಉಗಿ ಬಿಟ್ಟರು, ಕಲಕಿದರು, ಓದಿದರು, ಮತ್ತೆ ತೂಗಿದರು. ಬರೆಯುವಾಗ ಎಲ್ಲಿಯೂ ಅಳಿಸಲಿಲ್ಲ.

ಪರೀಕ್ಷಕರು ಆಕೆಯ ಮೇಜಿಗೆ ಬಂದು ಕಾಗದ ನೋಡಿದರು. ಏನೋ ಕೇಳಿದರು. ಆಕೆ ಬಾಗಿಲ ಕಡೆ ಕೈ ತೋರಿಸಿದರು. ಪರೀಕ್ಷಕರು ಹೊರಗೆ ಹೋದರು. ತೆರೆದ ಬಾಗಿಲಿನಿಂದ ಅವರು ಕನ್ನಡಕ ಹಣೆಗೇರಿಸಿ ಗಾಜಿನ ಪೆಟ್ಟಿಗೆಗೆ ಬಗ್ಗಿದ್ದು ಕಾಣುತ್ತಿತ್ತು. ಬಹಳ ಹೊತ್ತು ಬಗ್ಗಿದ್ದರು. ಅವರು ನಕ್ಕರು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅವರ ಬೆನ್ನು ನನ್ನ ಕಡೆಗಿತ್ತು. ವಾಪಸು ಬಂದು ಮತ್ತೆ ಏನೇನೋ ಕೇಳಿದರು. ಆಕೆ ಹೇಳುತ್ತಲೇ ಇದ್ದರು. ಒಮ್ಮೆ ಕೊಳವೆಯ ಪಟ್ಟಿಯನ್ನು ಬೆರಳಿನಿಂದ ಒತ್ತಿ ತೋರಿಸಿದರು. ಆಮೇಲೆ ಪರೀಕ್ಷಕರು ಕೆಂಪು ಪೆನ್ಸಿಲಿನಲ್ಲಿ ಏನೋ ಬರೆದು ಮುಂದಿನ ಮೇಜಿಗೆ ಹೋದರು.

ಐನೂರ ನಾಲ್ಕು ಬಂತು ಎಂದು ಆಕೆ ಹೊರಗೆ ಬಂದು ಹೇಳಿದರು. ಐನೂರ ನಾಲ್ಕೇ ಬರೆದಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಡಿಸೆಂಬರಿನಲ್ಲಿ ಫಲಿತಾಂಶದ ಪಟ್ಟಿ ಬೋರ್ಡಿಗೆ ಹಚ್ಚಿದರು. ಐದರಲ್ಲಿ ಮೂರು ನಂಬರ್ ಇದ್ದವು. ಆಕೆಯದು ಇತ್ತು. ಉಪ್ಪಿನಬೆಟಗೇರಿಯವನದು ಇರಲಿಲ್ಲ, ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, "ಅಕ್ಕಾರದು ಐತಿ, ಸಾಕು" ಎಂದು ಸೈಕಲ್ ಹತ್ತಿದ.

ಸಂಜೆ ಹುಬ್ಬಳ್ಳಿಗೆ ಹೋದೆ. ಆಕೆಗೆ ಆಗಲೇ ಯಾರೋ ಹೇಳಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಾತಾಡಿದೆವು. ಯಾವಾಗ ಹೊರಡುವುದು, ಕೋರ್ಸ್ ಎಷ್ಟು ವರ್ಷ, ಹಾಸ್ಟೆಲಿಗೆ ಏನೇನು ಒಯ್ಯಬೇಕು. ಆಕೆಯ ಮುಖದಲ್ಲಿ ದಣಿವಿತ್ತು, ಆದರೆ ಮಾತು ನಿಲ್ಲುತ್ತಿರಲಿಲ್ಲ. ನಾನು ಹೋಗುವ ಮೊದಲು ಕೇಳಬೇಕಾದ್ದನ್ನು ಕೇಳಿದೆ.

"ಅವತ್ತ ಮರದ ಕೆಳಗ ನಾ ಹೇಳಿದ್ದು..."

"ಏನು ಹೇಳಿದ್ರಿ ಸರ್?"

"ನೂರು ಬರೀರಿ ಅಂತ."

ಆಕೆ ನನ್ನ ಕಡೆ ನೇರವಾಗಿ ನೋಡಿದರು.

"ಹೌದೇನ್ರಿ? ನನಗ ಕೇಳಸಲಿಲ್ರಿ. ಬಸ್ಸಿನ ಸಪ್ಪಳ ಭಾಳ ಇತ್ತು."

ಒಳಗಿನಿಂದ ಯಾರೋ ಕರೆದರು. ಆಕೆ ಹೋದರು.

ಆ ಹುಣಸೆ ಮರದ ಹತ್ತಿರ ರಸ್ತೆಯಿಲ್ಲ. ಬಸ್ಸು ಅಲ್ಲಿಂದ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯವಿರಲಿಲ್ಲ.